ಐಷಾರಾಮಿ ಕಾರಿನ ವೆಬ್‌ಸೈಟ್‌ಗಳಿಗೆ ಅಂಕ ಕೊಟ್ಟು ಬಂದೆ, ಮೂರು ದಿನದಿಂದ ಮನಸ್ಸಿಗೆ ಸಮಾಧಾನ ಇಲ್ಲ. ನಾನು ಮಾಡಿದ್ದು ಸರೀನಾ?

ವಿದ್ಯಾನಗರ_ವೆಬ್ಬು
ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷದಿಂದ ದಾವಣಗೆರೆಯಲ್ಲೇ ಕೂತು ವೆಬ್‌ಸೈಟ್ ಮಾಡ್ತಿದೀನಿ. ಅಕ್ಕಿ ಗಿರಣಿ, ನರ್ಸಿಂಗ್ ಹೋಮ್, ಕಲ್ಯಾಣ ಮಂಟಪ, ಬಟ್ಟೆ ಅಂಗಡಿ ಎಲ್ಲಾ ಆಗಿದೆ. ಹೋದ ವಾರ ಒಂದು ಎಂಜಿನಿಯರಿಂಗ್ ಕಾಲೇಜಿನ ಹಬ್ಬಕ್ಕೆ ತೀರ್ಪುಗಾರ ಅಂತ ಕರೆದಿದ್ರು. ಒಂದು ಐಷಾರಾಮಿ ಕಾರಿನ ಪ್ರಚಾರಕ್ಕೆ ಇಂಟರಾಕ್ಟಿವ್ ವೆಬ್‌ಸೈಟ್ ಮಾಡಬೇಕು, ಅದೇ ಸ್ಪರ್ಧೆ. ಕಾರು ಕಲ್ಪನೆಯದು, ಹೆಸರು ಹುಡುಗರೇ ಇಟ್ಕೋಬಹುದು. ಹನ್ನೊಂದು ತಂಡ, ಮೂರು ಜನ ತೀರ್ಪುಗಾರರು. ಕೊನೆಗೆ ಉಳಿದಿದ್ದು ಎರಡು.

ಒಂದು ಚಿತ್ರದುರ್ಗದ ಹುಡುಗರದ್ದು. ತೆರೆದ ಕೂಡಲೇ ಸಂಜೆ ಬೆಳಕಲ್ಲಿ ನಿಂತ ಕಪ್ಪು ಕಾರು. ಬೆರಳಿಟ್ಟು ತಿರುಗಿಸಿದ್ರೆ ಬಾನೆಟ್ ಮೇಲೆ ದುರ್ಗದ ಬಂಡೆಗಳು ಹರ್ಕೊಂಡು ಹೋಗ್ತವೆ. ಕೋಟೆ ಹತ್ತಿ ಫೋನಲ್ಲೇ ಸುತ್ತಲ ಚಿತ್ರ ತೆಗೆದು, ಅದನ್ನೇ ಪ್ರತಿಬಿಂಬಕ್ಕೆ ಹಾಕಿದ್ರು. ನಿಜ ಹೇಳ್ತೀನಿ, ಮೈ ಜುಮ್ ಅಂತು.

ಇನ್ನೊಂದು ಇಲ್ಲಿನ ಇಬ್ಬರು ಹುಡುಗಿಯರದ್ದು. ತ್ರೀಡಿ ಇಲ್ಲ, ಎಂಟೇ ಚಿತ್ರ. ಮೊದಲ ಪುಟದಲ್ಲಿ ಕಾರಿನ ಬಾಗಿಲು ತೆರೆದಿದೆ, ಪಿ.ಬಿ. ರಸ್ತೆಯ ಆಟೋ, ಹಾರ್ನು, ಬಸ್ಸಿನ ಕಂಡಕ್ಟರ್ ಕೂಗು ಕೇಳ್ತಿದೆ. ಬಾಗಿಲ ಹಿಡಿಕೆ ಮೇಲೆ ಬೆರಳೊತ್ತಿದ್ರೆ ಬಾಗಿಲು ಮುಚ್ಚುತ್ತೆ. 'ಧಪ್' ಅಂತ ಒಂದೇ ಸದ್ದು. ಅಷ್ಟೇ, ಹೊರಗಿನ ಗದ್ದಲ ಪೂರ್ತಿ ನಿಲ್ಲುತ್ತೆ. ಆಮೇಲೆ ಒಂದು ಸಾಲು ಬರುತ್ತೆ: ಮೌನಕ್ಕೊಂದು ಬಾಗಿಲು.

ಲ್ಯಾಬಿನ ಕಂಪ್ಯೂಟರಲ್ಲಿ ಎರಡೂ ಚೆನ್ನಾಗೇ ಓಡಿದವು. ಊಟದ ಹೊತ್ತಲ್ಲಿ ಹೊರಗೆ ಬೇವಿನ ಮರದ ಕೆಳಗೆ ನಿಂತು ನನ್ನ ಫೋನಲ್ಲಿ ನೋಡಿದೆ. ದುರ್ಗದವರದ್ದು ತೆರೆಯೋಕೆ 41 ಸೆಕೆಂಡ್. ಎರಡು ಸಲ ತಿರುಗಿಸೋ ಅಷ್ಟರಲ್ಲಿ ಪುಟ ಬಿದ್ದುಹೋಗಿ ಮತ್ತೆ ಮೊದಲಿಂದ ಶುರು. ಹುಡುಗಿಯರದ್ದು ಮೂರು ಸೆಕೆಂಡ್.

ನಾನು ಹುಡುಗಿಯರಿಗೆ ಮೊದಲ ಸ್ಥಾನ ಕೊಟ್ಟೆ. ಉಳಿದ ಇಬ್ಬರು ದುರ್ಗದವರ ಕಡೆ. ಒಟ್ಟು ಕೂಡಿದಾಗ ಅರ್ಧ ಅಂಕದಲ್ಲಿ ಹುಡುಗಿಯರು ಗೆದ್ರು, ಅಂದ್ರೆ ನನ್ನ ಅಂಕದಿಂದಲೇ. ದುರ್ಗದ ಹುಡುಗ ಒಬ್ಬ ಬಂದು, "ಸರ್, ಇಂಥ ಕಾರು ತಗೊಳ್ಳೋರು ನಿಮ್ಮ ಫೋನಿನಂಥ ಫೋನ್ ಇಟ್ಕೊಂಡಿರ್ತಾರಾ?" ಅಂತ ಕೇಳ್ದ. ಮರ್ಯಾದೆಯಿಂದಲೇ ಕೇಳ್ದ. ನನ್ನ ಹತ್ರ ಉತ್ತರ ಇರಲಿಲ್ಲ. ನೀವೇ ಹೇಳಿ.

ಪಿಬಿರೋಡ್_577
ಹುಡುಗ ಕೇಳಿದ್ದು ಸರಿ ಐತೆ ಸರ್. ಕೋಟಿ ರೂಪಾಯಿ ಕಾರು ತಗೊಳ್ಳೋನ ಕೈಯಲ್ಲಿ ಹನ್ನೆರಡು ಸಾವಿರದ ಫೋನ್ ಇರಲ್ಲ.

ಕೀಲಿಮಣೆ_ಅಕ್ಕ
ಫೋನ್ ದುಬಾರಿ ಇರಬಹುದು, ಸಿಗ್ನಲ್ ದುಬಾರಿ ಇರಲ್ಲವಲ್ಲ. ಹರಿಹರ ದಾಟಿ ಹೊಲದ ನಡುವೆ ನಿಂತ್ರೆ ಎಲ್ಲರ ಫೋನೂ ಒಂದೇ.

ಬೆಂಗಳೂರಲ್ಲಿ ಇದೇ ಕೆಲಸ ಮಾಡ್ತೀನಿ (ಊರು ಹರಿಹರ). ಪುಟದ ಮುಖ್ಯ ಭಾಗ 2.5 ಸೆಕೆಂಡ್ ಒಳಗೆ ಕಾಣಬೇಕು ಅಂತ ಗೂಗಲ್ ಒಂದು ಅಳತೆ ಇಟ್ಟಿದೆ. ಕಾರಿನ ತ್ರೀಡಿ ಸೈಟಿಗೆ ಅದು ಕಷ್ಟ, ಒಪ್ತೀನಿ. ಆದ್ರೆ 41 ಸೆಕೆಂಡ್ ಅನ್ನೋದು ಕಷ್ಟದಿಂದ ಆಗಿದ್ದಲ್ಲ, ಯಾರೂ ಫೋನಲ್ಲಿ ಒಂದ್ಸಲ ತೆರೆದು ನೋಡದೇ ಆಗಿದ್ದು. ಪುಟ ಬಿದ್ದುಹೋಗೋದು ಇನ್ನೂ ದೊಡ್ಡ ಸುಳಿವು. ಅದು ಇಂಟರ್‌ನೆಟ್ ನಿಧಾನ ಅಂತ ಅಲ್ಲ, ಮೆಮೊರಿ ತುಂಬಿ.

ಹುಡುಗರೇ, ಇಲ್ಲಿ ಓದ್ತಿದ್ರೆ ಒಂದು ಲೆಕ್ಕ ಕೇಳಿ. 4096 ಅಗಲ, 4096 ಎತ್ತರದ ಒಂದು ಟೆಕ್ಸ್ಚರ್ ಚಿತ್ರ (ತ್ರೀಡಿ ಮಾಡೆಲ್ ಮೈಗೆ ಹೊದಿಸೋದು) ಫೈಲಾಗಿ ಎರಡು ಎಂಬಿ ಇರಬಹುದು. ಗ್ರಾಫಿಕ್ಸ್ ಮೆಮೊರಿಗೆ ಹೋದಾಗ ಅದು ಬಿಚ್ಚಿಕೊಳ್ಳುತ್ತೆ. ಒಂದೊಂದು ಪಿಕ್ಸೆಲ್‌ಗೆ ನಾಲ್ಕು ಬೈಟ್, ಒಟ್ಟು 64 ಎಂಬಿ. ಜೆಪೆಗ್ ಮಾಡಿ ಎಷ್ಟೇ ಹಿಂಡಿದ್ರೂ ಅಲ್ಲಿ 64 ಎಂಬಿನೇ. ಅಂಥವು ಹತ್ತು ಇದ್ರೆ ಫೋನ್ ಕೈ ಎತ್ತುತ್ತೆ.

ಕೋಟೆ_ಕಣ್ಣು
ನಾನು ಚಿತ್ರದುರ್ಗದವ, ಮದುವೆ ಫೋಟೋಗ್ರಾಫರ್. ನಮ್ಮ ಹುಡುಗರು ಅಂತ ಪಕ್ಷ ವಹಿಸ್ತಿಲ್ಲ, ಕಸುಬಿನ ಮಾತು ಹೇಳ್ತೀನಿ.

ಕಪ್ಪು ಕಾರಿನ ಫೋಟೋ ತೆಗೆಯೋದು ಅಂದ್ರೆ ಕಾರಿನ ಫೋಟೋ ಅಲ್ಲ, ಅದರ ಮೈ ಮೇಲೆ ಬಿದ್ದಿರೋದರ ಫೋಟೋ. ಮದುವೆ ದಿನ ಹೂವಿನ ಹಾರ ಹಾಕಿದ ಕಪ್ಪು ಕಾರನ್ನ ಕಲ್ಯಾಣ ಮಂಟಪದ ಮುಂದೆ ನಿಲ್ಲಿಸಿ ತೆಗೆದ್ರೆ ಕರೆಂಟ್ ಕಂಬ, ಶಾಮಿಯಾನ, ಚಪ್ಪಲಿ ರಾಶಿ, ನನ್ನ ಹೊಟ್ಟೆ, ಎಲ್ಲಾ ಬಾಗಿಲ ಮೇಲೆ ಕಾಣ್ತವೆ. ಅದಕ್ಕೆ ದೊಡ್ಡ ಸ್ಟುಡಿಯೋದವರು ಕಾರಿಗಿಂತ ದೊಡ್ಡ ಬೆಳಕಿನ ಹಲಗೆಯನ್ನ ತಲೆ ಮೇಲೆ ತೂಗುಹಾಕ್ತಾರೆ. ಆ ಹಲಗೆಯ ಅಂಚು ಬಾನೆಟ್ ಮೇಲೆ ಒಂದು ಗೆರೆಯಾಗಿ ಬೀಳುತ್ತೆ, ಆ ಗೆರೆಯಿಂದಲೇ ಕಾರಿನ ಆಕಾರ ನಮಗೆ ತಿಳಿಯೋದು. ಕಾರು ಮಾರೋ ಪ್ರತಿ ಸೈಟಲ್ಲೂ ಅದೇ ಬಿಳೀ ಗೆರೆ, ಅದೇ ಬೂದು ಗೋಡೆ. ಈ ಹುಡುಗರು ಅದನ್ನ ಬಿಟ್ಟು ಬಂಡೆ ತಂದಿದಾರೆ. ನಮ್ಮ ಬಂಡೆಗಳು ದುಂಡಗೆ, ಸೂರ್ಯ ಇಳಿಯುವಾಗ ಒಂದು ಪಕ್ಕ ಕೆಂಪು, ಒಂದು ಪಕ್ಕ ಕಪ್ಪು. ಬಾನೆಟ್ ತಿರುವಿನ ಮೇಲೆ ಅದು ಹೆಂಗೆ ಬಿದ್ದಿರುತ್ತೆ ಅಂತ ನೆನೆಸಿಕೊಂಡ್ರೇ ಖುಷಿ ಆಗ್ತದೆ. ಇಷ್ಟು ಕಂಡುಕೊಂಡ ಕಣ್ಣಿಗೆ ಎರಡನೇ ಸ್ಥಾನ ಕೊಟ್ಟಿದ್ದು ನನಗೆ ಸರಿ ಕಾಣ್ಲಿಲ್ಲ.

ಶಾಮನೂರು_ದಾರಿ
ಅಂಕದ ಹಾಳೆಯಲ್ಲಿ ಯಾವುದಕ್ಕೆ ಎಷ್ಟಿತ್ತು?

ವಿದ್ಯಾನಗರ_ವೆಬ್ಬು
ನೋಟಕ್ಕೆ 40, ಹೊಸತನಕ್ಕೆ 30, ತಂತ್ರಕ್ಕೆ 20, ಬಳಕೆಗೆ 10. ಕಾಲೇಜಿನವರೇ ಮಾಡಿದ್ದು.

ಕೀಲಿಮಣೆ_ಅಕ್ಕ
ಅಲ್ಲೇ ಎಡವಟ್ಟಾಗಿದೆ. ಇಂಥ ಸೈಟುಗಳಿಗೇ ಪ್ರಶಸ್ತಿ ಕೊಡೋ 'ಆವರ್ಡ್ಸ್' (Awwwards) ಅನ್ನೋ ತಾಣ ಇದೆಯಲ್ಲ, ಅಲ್ಲಿ ವಿನ್ಯಾಸಕ್ಕೆ 40, ಬಳಕೆಗೆ 30, ಸೃಜನಶೀಲತೆಗೆ 20, ವಿಷಯಕ್ಕೆ 10. ನೋಟದ ಹುಚ್ಚಿನವರು ಅಂತ ಹೆಸರಾದವರೇ ಬಳಕೆಗೆ 30 ಇಟ್ಟಿದಾರೆ. ನಿಮ್ಮ ಹಾಳೆಯಲ್ಲಿ ವಿಷಯಕ್ಕೆ ಅಂಕವೇ ಇಲ್ಲ!

ಶೋರೂಂ_ಕೆಲಸ
ವಿಷಯದ ಮಾತು ಬಂತು ಅಂತ ಬರೀತಿದೀನಿ. ಆರು ವರ್ಷದಿಂದ ಕಾರು ಮಾರೋ ಕೆಲಸ, ಮೊದಲು ಬೆಂಗಳೂರಲ್ಲಿ ದೊಡ್ಡ ಕಾರುಗಳು, ಈಗ ಊರಲ್ಲೇ.

ನಮ್ಮ ಕಡೆಯಿಂದ ಅಂಥ ಕಾರು ತಗೊಳ್ಳೋಕೆ ಬಂದೋರು ಏನು ಕೇಳ್ತಿದ್ರು ಹೇಳ್ಲಾ? ಮೊದಲನೇದು, ಕೆಳಗೆ ನೆಲಕ್ಕೆ ಎಷ್ಟು ಜಾಗ ಇರುತ್ತೆ, ರಸ್ತೆ ಉಬ್ಬಿಗೆ ತಾಗುತ್ತಾ. ಎರಡನೇದು, ಸರ್ವೀಸಿಗೆ ಬೆಂಗಳೂರಿಗೆ ಬರಬೇಕಾ, ಹುಬ್ಬಳ್ಳಿ ಸಾಕಾ. ಮೂರನೇದು, ಪೋರ್ಟಿಕೋದಲ್ಲಿ ಹಿಡಿಸುತ್ತಾ. ನಗಬೇಡಿ. ಮರ್ಸಿಡಿಸ್ ಎಸ್-ಕ್ಲಾಸಿನ ಉದ್ದನೇ ಗಾಡಿ 5.2 ಮೀಟರ್ ದಾಟುತ್ತೆ. ಎಂಸಿಸಿ ಬಿ ಬ್ಲಾಕಿನ ಒಬ್ಬ ಯಜಮಾನರು ಮನೆಯಿಂದ ಟೇಪ್ ಹಿಡಿದು ಅಳೆದು ಚೀಟಿ ತಂದಿದ್ರು. ಚೀಟಿ ನೋಡಿ, "ಇದು ಗೇಟಿನ ಹೊರಗೆ ಮೂತಿ ಚಾಚುತ್ತೆ ಸರ್" ಅಂತ ನಾನೇ ಹೇಳಿದೆ. ಅವರು ಬೇರೆ ಕಾರು ತಗೊಂಡ್ರು. ಈಗಲೂ ಯುಗಾದಿಗೆ ಫೋನ್ ಮಾಡ್ತಾರೆ.

ಸೈಟನ್ನ ಯಜಮಾನ್ರು ನೋಡಲ್ಲ, ಮೊದಲು ನೋಡೋದು ಮಗ. ಅವನು ವಾಟ್ಸಾಪಲ್ಲಿ ಅಮ್ಮಂಗೆ, ಮಾವಂಗೆ, ಡ್ರೈವರ್ ಅಣ್ಣಂಗೆ ಕಳಿಸ್ತಾನೆ. ಡ್ರೈವರ್ "ಈ ಗಾಡಿ ಬ್ಯಾಡ ಅಣ್ಣ" ಅಂದ್ರೆ ಅಲ್ಲಿಗೆ ಮುಗೀತು. ಆ ಡ್ರೈವರ್ ಕೈಯಲ್ಲಿರೋದು ನಮ್ಮ ವೆಬ್ಬು ಸರ್ ಫೋನಿನಂಥದ್ದೇ. ಆ ಹುಡುಗನಿಗೆ ಇದೇ ಉತ್ತರ.

ಪಿಬಿರೋಡ್_577
ಹೌದಾ, ಡ್ರೈವರ್ ಮಾತು ಇಷ್ಟು ನಡೀತದಾ? ಹಂಗಿದ್ರೆ ನನ್ನ ಮಾತು ವಾಪಸ್ ತಗೊಂಡೆ.

ಹಳೇ_ಫ್ಲ್ಯಾಶ್
ನಾನು ಕೋಟೆ_ಕಣ್ಣು ಅವರ ಕಡೆ. 2004ರಿಂದ ಫ್ಲ್ಯಾಶ್ (ವೆಬ್ ಪುಟದಲ್ಲಿ ಚಿತ್ರ ಓಡಿಸ್ತಿದ್ದ ಅಡೋಬಿಯ ಹಳೇ ತಂತ್ರ) ಕೆಲಸ ಮಾಡ್ದೋನು. ಆಗ ಕಾರಿನ ಸೈಟ್ ಅಂದ್ರೆ ಹಬ್ಬ. ತೆರೆಯೋಕೆ ಎರಡು ನಿಮಿಷ ಆಗ್ಲಿ, ಕಾಯ್ತಿದ್ವಿ. 2001ರಲ್ಲೇ ಬಿಎಂಡಬ್ಲ್ಯೂನವರು ಇಂಟರ್‌ನೆಟ್ಟಲ್ಲಿ ತೋರಿಸೋಕೆ ಅಂತಲೇ ಕಿರುಚಿತ್ರ ಮಾಡಿಸಿದ್ರು, ಸೈಬರ್ ಕೆಫೆಯಲ್ಲಿ ಗಂಟೆ ದುಡ್ಡು ಕೊಟ್ಟು ನೋಡಿದೀವಿ. ಐಫೋನ್ ಫ್ಲ್ಯಾಶ್ ಒಳಗೆ ಬಿಡ್ಲಿಲ್ಲ, 2020ರ ಡಿಸೆಂಬರ್ 31ಕ್ಕೆ ಅಡೋಬಿಯವರೇ ಬಾಗಿಲು ಹಾಕಿದ್ರು. ನಾನು ಮಾಡಿದ ಒಂದು ಕೆಲಸವೂ ಇವತ್ತು ತೆರೆಯಲ್ಲ, ತೋರ್ಸೋಕೆ ಏನೂ ಉಳಿದಿಲ್ಲ. ಇವತ್ತಿನ ಹುಡುಗರು ಬ್ರೌಸರಲ್ಲೇ ತ್ರೀಡಿ ಬಿಡಿಸೋ ವೆಬ್‌ಜಿಎಲ್‌ನಲ್ಲಿ ಇಷ್ಟು ಮಾಡ್ತಾರೆ ಅಂದ್ರೆ ಬೆನ್ನು ತಟ್ಟಬೇಕು. ಸೆಕೆಂಡ್ ಎಣಿಸೋದು ಆಮೇಲೆ.

ಕೀಲಿಮಣೆ_ಅಕ್ಕ
ಅಣ್ಣಾ, ನಿಮ್ಮ ನೋವು ಅರ್ಥ ಆಗುತ್ತೆ. ಆದ್ರೆ ಆಗ ಕಾಯ್ತಿದ್ದವರು ನೀವು, ಕೆಲಸ ಗೊತ್ತಿದ್ದೋರು. ಬೇರೆಯವರು ಮುಚ್ಚಿ ಹೋಗ್ತಿದ್ರು. ಎಷ್ಟು ಜನ ಮುಚ್ಚಿ ಹೋದ್ರು ಅಂತ ಆಗ ಯಾರೂ ಎಣಿಸ್ತಿರಲಿಲ್ಲ ಅಷ್ಟೇ.

ಶಾಮನೂರು_ದಾರಿ
ನನ್ನದೊಂದು ಬೇರೆ ಕಷ್ಟ. ನನಗೆ ಕಿವಿಯ ತೊಂದರೆಯಿಂದ ತಲೆಸುತ್ತು ಬರುತ್ತೆ. ಈ ಕಾರಿನ ಸೈಟುಗಳಲ್ಲಿ ಕೆಳಗೆ ಸರಿಸಿದ್ರೆ ಪುಟ ಕೆಳಗೆ ಹೋಗಲ್ಲ, ಕಾರು ಗಿರ್ರ್ ಅಂತ ತಿರುಗುತ್ತೆ, ಕ್ಯಾಮೆರಾ ಚಕ್ರದೊಳಗೆ ನುಗ್ಗುತ್ತೆ. ಒಂದು ನಿಮಿಷ ನೋಡಿದ್ರೆ ನಾನು ಗೋಡೆ ಹಿಡ್ಕೋಬೇಕು. ನಮ್ಮೆಜಮಾನ್ರು ಹೊಸ ಕಾರು ನೋಡೋಣ ಬಾ ಅಂದಾಗ "ನೀವೇ ನೋಡಿ" ಅಂದುಬಿಟ್ಟೆ. ಅಂಕ ಕೊಡುವಾಗ ಇದನ್ನೂ ನೋಡ್ತೀರಾ?

ವಿದ್ಯಾನಗರ_ವೆಬ್ಬು
ನೋಡಲಿಲ್ಲ ಮೇಡಂ. ನೋಡಬೇಕಿತ್ತು. ಫೋನಿನ ಸೆಟ್ಟಿಂಗಲ್ಲಿ 'ಚಲನೆ ಕಡಿಮೆ ಮಾಡು' ಅಂತ ಒಂದು ಆಯ್ಕೆ ಇರುತ್ತೆ, ಅದನ್ನ ಹಾಕ್ಕೊಳ್ಳಿ. ಅದನ್ನ ಕೇಳಿ ತಿಳ್ಕೊಂಡು ಪುಟವನ್ನ ನಿಧಾನ ಮಾಡೋ ದಾರಿ ಸೈಟ್ ಮಾಡೋರ ಹತ್ರ ಇದೆ. ಮಾಡೋರು ಕಡಿಮೆ. ಹನ್ನೊಂದು ತಂಡದಲ್ಲಿ ಯಾರಾದ್ರೂ ಮಾಡಿದ್ರಾ ಅಂತ ನಾನು ಪರೀಕ್ಷೆ ಮಾಡ್ಲೇ ಇಲ್ಲ.

ಮಂಡಕ್ಕಿ_ಮಿರ್ಚಿ
ಈ ಬೇವಿನ ಮರದ ಕಾಲೇಜು ಯಾವುದು? ಅದರ ಎದುರಿಗೆ ಬೆಣ್ಣೆ ದೋಸೆ ಗಾಡಿ ಇದ್ರೆ ನಂಗೆ ಗೊತ್ತು.

ಪಿಬಿರೋಡ್_577
ದಾವಣಗೆರೆಯಲ್ಲಿ ಯಾವ ಕಾಲೇಜಿನ ಎದುರಿಗೆ ಬೆಣ್ಣೆ ದೋಸೆ ಇಲ್ಲ ಹೇಳಪ್ಪ.

ಬಣ್ಣದ_ಡಬ್ಬಿ
ದೃಶ್ಯಕಲಾ ಕಾಲೇಜಲ್ಲಿ ಓದಿದೋಳು, ಅಕ್ಷರ ವಿನ್ಯಾಸ ನನ್ನ ಹುಚ್ಚು. ಗೆದ್ದ ಸೈಟಿನ ಕೊಂಡಿ ಕಾಲೇಜಿನವರು ಹಂಚಿದ್ರು, ನೋಡಿದೆ. ಎಲ್ಲಾರೂ ದುರ್ಗದವರ ತಪ್ಪೇ ಎಣಿಸ್ತಿದೀರಿ, ಗೆದ್ದವರದ್ದೂ ಒಂದು ಇದೆ.

'ಮೌನಕ್ಕೊಂದು ಬಾಗಿಲು' ಅನ್ನೋ ಸಾಲು ಕೆಳಗಿಂದ ಮೇಲಕ್ಕೆ ಎದ್ದು ಬರುತ್ತೆ. ಎದ್ದು ನಿಂತಾಗ 'ಕ್ಕೊ' ಅಕ್ಷರದ ಒತ್ತು ಅರ್ಧ ಕತ್ತರಿಸಿ ಹೋಗಿದೆ! ಸಾಲಿನ ಎತ್ತರವನ್ನ ಇಂಗ್ಲಿಷಿನ ಅಳತೆಗೆ ಅಕ್ಷರದ ಗಾತ್ರದ ಒಂದೇ ಪಟ್ಟು ಇಟ್ಟು, ಹೊರಗೆ ಚಾಚಿದ್ದನ್ನ ಮರೆಮಾಡು ಅಂತ ಹಾಕಿದಾರೆ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಕೆಳಗೆ ಏನೂ ಇಲ್ಲ, ನಡೆಯುತ್ತೆ. ನಮ್ಮ ಅಕ್ಷರದ ಅರ್ಧ ಜೀವ ಇರೋದೇ ಗೆರೆಯ ಕೆಳಗೆ. ಸಾಲಿನ ಎತ್ತರ 1.5 ಆದ್ರೂ ಬೇಕು. ನಾನು 1.6 ಇಡ್ತೀನಿ.

ಇನ್ನೊಂದು, ಅದೇ ಪುಟದ ಕೊನೆಯಲ್ಲಿ ಒಂದೊಂದೇ ಅಕ್ಷರ ಉದುರೋ ಹಾಗೆ ಮಾಡಿದಾರೆ. ಅಲ್ಲಿ 'ಶಕ್ತಿ' ಅನ್ನೋದು ಶ, ಕ, ಅರ್ಧಾಕ್ಷರದ ಗುರುತು, ತ, ಗುಡಿಸು ಅಂತ ಚೂರುಚೂರಾಗಿದೆ. ಕನ್ನಡದಲ್ಲಿ ಅಕ್ಷರ ಒಡೀಬೇಡಿ, ಪದ ಪದವಾಗಿ ಬರಲಿ. ಐಷಾರಾಮಿ ಅಂದ್ರೆ ಹೊಲಿಗೆ ನೇರ ಇರಬೇಕು, ಅಲ್ವಾ? ಸೀಟಿನ ದಾರ ಅರ್ಧ ಇಂಚು ಆಚೆ ಹೋದ್ರೆ ಕಾರು ವಾಪಸ್ ಕಳಿಸ್ತಾರೆ. ಒತ್ತು ಹೋದ್ರೆ ಯಾಕೆ ಸುಮ್ಮನಿರ್ತೀರಿ?

ಹಳೇ_ಫ್ಲ್ಯಾಶ್
ಕೋಟಿ ರೂಪಾಯಿ ಕಾರಿನ ಬಗ್ಗೆ ಕನ್ನಡದಲ್ಲಿ ಯಾರಮ್ಮ ಓದ್ತಾರೆ?

ಬಣ್ಣದ_ಡಬ್ಬಿ
ನಮ್ಮ ಮಂಡಿಪೇಟೆ ವರ್ತಕರು ದಿನವಿಡೀ ಲೆಕ್ಕ ಬರೆಯೋದು ಯಾವ ಭಾಷೆಯಲ್ಲಿ ಸರ್? ದುಡ್ಡಿರೋರೆಲ್ಲ ಇಂಗ್ಲಿಷಲ್ಲೇ ಯೋಚನೆ ಮಾಡ್ತಾರೆ ಅಂತ ಯಾಕೆ ಅಂದ್ಕೋಬೇಕು?

ಶೋರೂಂ_ಕೆಲಸ
ಅಕ್ಕ ಹೇಳಿದ್ದು ನಿಜ. ಸಾಲದ ಕಾಗದಕ್ಕೆ ಕನ್ನಡದಲ್ಲೇ ಸಹಿ ಹಾಕಿ ದೊಡ್ಡ ಕಾರು ತಗೊಂಡು ಹೋದೋರನ್ನ ನಾನೇ ಕಂಡಿದೀನಿ.

ಕೋಟೆ_ಕಣ್ಣು
ಬಾಗಿಲ ಸದ್ದಿನ ಬಗ್ಗೆ ಒಂದು ಮಾತು. ಆ ಹುಡುಗಿಯರ ಯೋಚನೆ ಕೇಳಿ 1958ರ ಒಂದು ಜಾಹೀರಾತು ನೆನಪಾಯ್ತು. ಡೇವಿಡ್ ಓಗಿಲ್ವಿ ರೋಲ್ಸ್ ರಾಯ್ಸ್‌ಗೆ ಬರೆದದ್ದು: ಗಂಟೆಗೆ 60 ಮೈಲಿ ವೇಗದಲ್ಲಿ ಈ ಹೊಸ ರೋಲ್ಸ್ ರಾಯ್ಸ್‌ನಲ್ಲಿ ಕೇಳಿಸೋ ಅತಿ ದೊಡ್ಡ ಸದ್ದು ಎಲೆಕ್ಟ್ರಿಕ್ ಗಡಿಯಾರದ್ದು. ಮೌನವನ್ನ ಒಂದು ಸಣ್ಣ ಸದ್ದಿನಿಂದ ತೋರಿಸಿದ್ದು. ಈ ಹುಡುಗಿಯರೂ ಅದನ್ನೇ ಮಾಡಿದಾರೆ. ಬಂಡೆಯ ಕಡೆಯೇ ಇದೀನಿ, ಆದ್ರೆ ಇವರನ್ನ ಕಡಿಮೆ ಅನ್ನೋಕೆ ಬಾಯಿ ಬರ್ತಿಲ್ಲ.

ದುರ್ಗದ_ಹುಡ್ಗ
ನಮಸ್ತೆ ಸರ್. ಆ ಪ್ರಶ್ನೆ ಕೇಳಿದ್ದು ನಾನೇ. ಗೆಳೆಯ ಈ ಚರ್ಚೆ ತೋರಿಸ್ದ. ಆವತ್ತು ಬೇಜಾರಲ್ಲಿ ಕೇಳಿದೆ, ಒರಟಾಗಿದ್ರೆ ಕ್ಷಮಿಸಿ.

ಕೀಲಿಮಣೆ ಅಕ್ಕ ಹೇಳಿದ ಲೆಕ್ಕ ಓದಿ ರಾತ್ರಿಯೇ ಎಣಿಸಿದೆ. 4096ರವು ಒಂಬತ್ತು ಇದ್ದವು ಅಕ್ಕ. 576 ಎಂಬಿ. ಚಕ್ರದ ಬೋಲ್ಟಿಗೂ 4096 ಹಾಕಿದ್ವಿ, ಯಾರೂ ನೋಡದ ಡಿಕ್ಕಿ ಒಳಗಿನ ಕಾರ್ಪೆಟ್‌ಗೂ. ಈಗ ಎಂಟನ್ನ 1024ಕ್ಕೆ ಇಳಿಸಿದೀವಿ, ಸೀಟಿನದ್ದೊಂದು 2048. ಒಟ್ಟು 48 ಎಂಬಿಗೆ ಬಂತು. ಮಾಡೆಲ್ 38 ಎಂಬಿ ಇತ್ತು, ಡ್ರಾಕೋ ಅನ್ನೋ ತ್ರೀಡಿ ಫೈಲ್ ಹಿಂಡೋ ಸಾಧನ ಹಾಕಿ ಕುಗ್ಗಿಸಿದ್ವಿ, 3 ಎಂಬಿ ಆಸುಪಾಸು. ಮೊದಲು ಕಾರಿನ ಒಂದು ಸ್ಥಿರ ಚಿತ್ರ ಕಾಣುತ್ತೆ, ಹಿಂದೆ ಮಾಡೆಲ್ ಬಂದು ಸೇರುತ್ತೆ.

ಬಂಡೆಯ ಚಿತ್ರ ಮಾತ್ರ ಕಡಿಮೆ ಮಾಡಲ್ಲ ಸರ್. 1024ಕ್ಕೆ ಇಳಿಸಿ ನೋಡಿದ್ವಿ, ಮೋಡದ ಹಂಗೆ ಕಾಣ್ತು. ದುರ್ಗದೋರು ನೋಡಿದ ಕೂಡಲೇ ನಮ್ಮ ಬಂಡೆ ಅಂತ ಗುರುತು ಹಿಡೀಬೇಕು. ಅದಕ್ಕೆ ಬೆಳಿಗ್ಗೆ ಐದೂವರೆಗೆ ಎದ್ದು, ಟಿಕೆಟ್ ಕೌಂಟರ್ ತೆರೆಯೋಕೆ ಕಾದು ಮೂರು ದಿನ ಹತ್ತಿದೀವಿ, ಬೆಳಿಗ್ಗೆ ಬೆಳಕು ಸರಿ ಬರದೆ ಕೊನೆಗೆ ಸಂಜೆ ತೆಗೆದ್ವಿ.

ಕೀಲಿಮಣೆ_ಅಕ್ಕ
ತಮ್ಮಾ, ಸರಿಯಾಗಿ ಮಾಡಿದೀಯ. ಬಂಡೆ ಬಿಡಬೇಡ. ಇನ್ನೊಂದು ನೋಡು: ದುಬಾರಿ ಫೋನಿನ ಪರದೆಯಲ್ಲಿ ಪಿಕ್ಸೆಲ್ ಸಾಂದ್ರತೆ ಮೂರು ಪಟ್ಟು ಇರುತ್ತೆ. ನಿನ್ನ ಸೈಟ್ ಬಿಡಿಸೋದನ್ನ ಎರಡಕ್ಕೆ ನಿಲ್ಲಿಸು. ಮೂರರಲ್ಲಿ ಬಿಡಿಸೋ ಪಿಕ್ಸೆಲ್ಲು ಎರಡರದ್ದಕ್ಕಿಂತ ಎರಡೂಕಾಲು ಪಟ್ಟು. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ, ಫೋನ್ ಬಿಸಿ ಆಗೋದು ಗೊತ್ತಾಗುತ್ತೆ. ಶಾಮನೂರು_ದಾರಿ ಮೇಡಂ ಹೇಳಿದ್ದನ್ನೂ ಸೇರಿಸು, ಚಲನೆ ಬೇಡ ಅಂದವರಿಗೆ ಕಾರು ನಿಂತೇ ಇರಲಿ.

ಶೋರೂಂ_ಕೆಲಸ
ಉದ್ದ, ನೆಲದಿಂದ ಎತ್ತರ, ಎರಡೂ ಬರೀ ತಮ್ಮಾ. ಮೊದಲನೇ ಪುಟದಲ್ಲೇ.

ದುರ್ಗದ_ಹುಡ್ಗ
ಎರಡು ದಿನ ಕೊಡಿ.

ವಿದ್ಯಾನಗರ_ವೆಬ್ಬು
ಈಗಷ್ಟೇ ನೋಡಿದೆ. ಅದೇ ಫೋನ್, ಅದೇ ಸಿಮ್, ಈ ಸಲ ಕುಂದವಾಡ ಕೆರೆ ಏರಿ ಮೇಲೆ ನಿಂತು. ಚಿತ್ರ ಎರಡು ಸೆಕೆಂಡಿಗೆ ಬಂತು, ಕಾರು ತಿರುಗೋಕೆ ಶುರುವಾಗಿದ್ದು ಏಳನೇ ಸೆಕೆಂಡಿಗೆ. ಹತ್ತು ಸಲ ತಿರುಗಿಸಿದೆ, ಬೀಳಲಿಲ್ಲ. ಮುಂದಿನ ಗಾಜಿನ ಮೇಲೆ ಒಂದು ಬಂಡೆ ಬಂದು ನಿಂತಾಗ ಅದರ ಬುಡದಲ್ಲಿ ಒಂದು ಚೂರು ಆಕಾಶ ಇತ್ತು, ಲ್ಯಾಬಲ್ಲಿ ಅದನ್ನ ಗಮನಿಸಿರಲಿಲ್ಲ. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ಬಗ್ಗಿ ನೋಡಿ, "ದುರ್ಗ ಅಲ್ವೇನಪ್ಪ ಅದು?" ಅಂದ್ರು.

ಫಲಿತಾಂಶ ಬದಲಾಯಿಸೋಕೆ ಆಗಲ್ಲ, ಬದಲಾಯಿಸೋದೂ ಇಲ್ಲ. ಆವತ್ತು ನನ್ನ ಮುಂದಿದ್ದದ್ದು ಬಿದ್ದುಹೋಗ್ತಿದ್ದ ಪುಟ. ಅದಕ್ಕೆ ಕೊಟ್ಟ ಅಂಕ ಸರಿಯೇ ಇತ್ತು ಅಂತ ಈಗ ಧೈರ್ಯವಾಗಿ ಹೇಳ್ತೀನಿ. ತಪ್ಪಾಗಿದ್ದು ಬೇರೆ ಕಡೆ: ಫೋನಲ್ಲೂ ಪರೀಕ್ಷೆ ಮಾಡ್ತೀವಿ ಅಂತ ತಂಡಗಳಿಗೆ ಮೊದಲೇ ಹೇಳಿರಲಿಲ್ಲ. ಅದು ನಮ್ಮ ಮೂವರ ತಪ್ಪು. ಹುಡುಗರ ಕ್ಷಮೆ ಕೇಳ್ತೀನಿ. ಕಾಲೇಜಿಗೆ ಇವತ್ತೇ ಪತ್ರ ಬರೀತೀನಿ, ಮುಂದಿನ ವರ್ಷ ಬಳಕೆಗೆ 30, ವಿಷಯಕ್ಕೂ ಜಾಗ, ಹಾಳೆ ಮೊದಲೇ ಎಲ್ಲರ ಕೈಗೆ ಹೋಗಲಿ ಅಂತ.

ದುರ್ಗದ_ಹುಡ್ಗ
ಥ್ಯಾಂಕ್ಸ್ ಸರ್. ಆ ಹಿರಿಯರಿಗೂ.

ನಮಗೂ ಒಂದು ಬಾಗಿಲ ಸದ್ದು ಬೇಕು. ಗೆದ್ದ ಅಕ್ಕಂದಿರು ಯಾರಾದ್ರೂ ಇಲ್ಲಿದ್ರೆ ಹೇಳಿ, ಆ 'ಧಪ್' ಯಾವ ಕಾರಿಂದು?

ಬಾಗಿಲು_ತಂಡ
ಯಾವ ಕಾರಿಂದೂ ಅಲ್ಲ. ಒತ್ತು ಸರಿ ಮಾಡಿದೀವಿ ಬಣ್ಣದ ಡಬ್ಬಿ ಅಕ್ಕಾ, 1.6 ಇಟ್ಟಿದೀವಿ, ಈಗ ನೋಡಿ.

ಕಾರಿನ ಬಾಗಿಲು ರೆಕಾರ್ಡ್ ಮಾಡಿದಾಗ ಫೋನಲ್ಲಿ ತಗಡಿನ ಸದ್ದು ಬಂತು. ಆಮೇಲೆ ನಮ್ಮಜ್ಜಿ ಮನೆ ಕಬ್ಬಿಣದ ಬೀರುವಿನ ಚಿಲಕ ತಗೊಂಡ್ವಿ, ಅದು 'ಕ್ಲಿಕ್' ಭಾಗ. ಅದರ ಕೆಳಗೆ 25 ಕೆಜಿ ಅಕ್ಕಿ ಚೀಲವನ್ನ ಮೊಣಕಾಲೆತ್ತರದಿಂದ ನೆಲಕ್ಕೆ ಬಿಟ್ಟ ಸದ್ದು. ಎರಡನ್ನೂ ಒಂದರ ಮೇಲೊಂದು ಕೂರಿಸಿದ್ವಿ. ಹೊಲಿಗೆ ಬಿಚ್ಚದ ಚೀಲವೇ ಬೇಕು, ಅರ್ಧ ಖಾಲಿ ಆಗಿದ್ರೆ ಅಕ್ಕಿ ಒಳಗೆ ಜರಿದು ಸದ್ದು ಹರಡುತ್ತೆ. ನಿಂಗೆ ಫೈಲ್ ಕಳಿಸ್ತೀವಿ, ಆದ್ರೆ ನಿಮ್ಮ ಕಾರು ನಮ್ಮದಕ್ಕಿಂತ ದೊಡ್ಡದು, 50 ಕೆಜಿ ಚೀಲ ಬಿಟ್ಟು ನೋಡು.